ಹತ್ತನೇ ಕ್ಲಾಸಿನವರು 2036ರಲ್ಲಿ ಎಲ್ಲಿರ್ತಾರೆ? ಸೆಂಡಾಫ್‌ಗೆ ನಗೆ ಭವಿಷ್ಯ ಬರೆಯಬೇಕು, ಐಡಿಯಾ ಕೊಡಿ

ಕನ್ನಡ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪರೀಕ್ಷೆಗೆ ಮುಂಚೆ ಹತ್ತನೇ ಕ್ಲಾಸಿನವರಿಗೆ ಸೆಂಡಾಫ್ ಉಂಟು. ಭಾಷಣ, ಗ್ರೂಪ್ ಫೋಟೋ, ಲಡ್ಡು, ಖಾರಕಡ್ಡಿ ಎಲ್ಲ ಇದ್ದದ್ದೇ. ಈ ಸಲ ಮಕ್ಕಳೇ ಹೊಸ ಐಟಂ ಒಂದು ಕೇಳಿದ್ದಾರೆ. 2036ರಲ್ಲಿ ಕ್ಲಾಸಿನ ಒಬ್ಬೊಬ್ಬರೂ ಎಲ್ಲಿರ್ತಾರೆ, ಎಂತ ಮಾಡ್ತಿರ್ತಾರೆ ಅಂತ ತಮಾಷೆಯಾಗಿ ಬರೆದು ಸ್ಟೇಜಿನಲ್ಲಿ ಓದಬೇಕಂತೆ.

ನೀವೇ ಬರೆಯಿರಿ ಅಂದೆ. ಬರೆದು ತಂದರು. ನೋಡಿದರೆ ಅರ್ಧ ಕ್ಲಾಸ್ ದುಬೈಯಲ್ಲಿ, ಇನ್ನರ್ಧ ಬೆಂಗಳೂರಿನಲ್ಲಿ. ಹುಡುಗರೆಲ್ಲ ಸಾಫ್ಟ್‌ವೇರ್. ಹುಡುಗಿಯರಿಗೆ ಡಾಕ್ಟರ್, ಇಲ್ಲದಿದ್ದರೆ ಮದುವೆ. ಒಬ್ಬನಿಗೆ ಮಾತ್ರ 'ಇವನು ಇಲ್ಲೇ ಉಳಿದು ಅಪ್ಪನ ಗೂಡಂಗಡಿಯಲ್ಲಿ ಕೂತಿರ್ತಾನೆ' ಅಂತ ಬರೆದಿದ್ದರು. ಕ್ಲಾಸಿಡೀ ನಕ್ಕಿತು. ಅವನೂ ನಕ್ಕ. ಆದರೆ ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು ಮಾಡ್ತಾ ಇದ್ದ. ನನಗೆ ಅದು ಸರಿ ಕಾಣಲಿಲ್ಲ. ಯಾರ ಬಗ್ಗೆ ಓದ್ತೇವೋ ಅವರೇ ಎಲ್ಲರಿಗಿಂತ ಜಾಸ್ತಿ ನಗಬೇಕು. ಹಾಗೆ ಬರೆಯುವುದು ಹೇಗೆ?

ಕೆಲವರ ಬಗ್ಗೆ ಹೇಳ್ತೇನೆ, ಹೆಸರು ಬೇಡ. ಒಬ್ಬ ಯಕ್ಷಗಾನದ ಹುಚ್ಚ. ರಾತ್ರಿ ಇಡೀ ಆಟ ನೋಡಿ ಬಂದು ಫಸ್ಟ್ ಪೀರಿಯಡ್‌ನಲ್ಲೇ ತೂಕಡಿಸ್ತಾನೆ. ಎಬ್ಬಿಸಿ ಪ್ರಶ್ನೆ ಕೇಳಿದರೆ ಉತ್ತರ ಇಲ್ಲ, ವಾದ ಉಂಟು. ಮಲ್ಪೆ ಕಡೆಯ ಒಬ್ಬಳಿಗೆ ಮೀನಿನ ರೇಟ್ ದಿನಾ ಬಾಯಿಪಾಠ. ಇನ್ನೊಬ್ಬ ದಿನಾ ಬಸ್ ತಪ್ಪಿಸಿಕೊಂಡು ಗದ್ದೆ ಬದುವಿನಲ್ಲಿ ಓಡಿಕೊಂಡೇ ಬರ್ತಾನೆ. ಒಬ್ಬಳ ಸ್ವರ ಆಫೀಸ್ ರೂಮಿಗೂ ಕೇಳುತ್ತದೆ. ಒಬ್ಬನದು ಪೇಪರ್ ರಾಕೆಟ್. ಮೊನ್ನೆ ಒಂದು ಹೆಡ್‌ಮಾಸ್ಟ್ರ ಮೇಜಿನ ಮೇಲೇ ಇಳಿಯಿತು. 'ನಾಳೆ ತರ್ತೇನೆ ಟೀಚರ್' ಅನ್ನುವ ಹೋಮ್‌ವರ್ಕಿನವನೂ ಇದ್ದಾನೆ. ಮತ್ತೆ ಕಿಟಕಿ ಹತ್ತಿರ ಕೂರುವ ಒಬ್ಬಳು ಮೌನಿ. ಅವಳ ಬಗ್ಗೆ ಯಾರಿಗೂ ಎಂತದೂ ಹೊಳೆಯುತ್ತಿಲ್ಲ.

ಚೆಂಡೆಪೆಟ್ಟು:
ಟೀಚರೇ, ಆಟದ ಹುಡುಗನನ್ನು ನನಗೆ ಬಿಡಿ. ಅವನು ವೇಷ ಕಟ್ಟುತ್ತಾನೆ ಅಂತ ಎಲ್ಲರೂ ಬರೀತಾರೆ. ಬೇಡ. ಎಬ್ಬಿಸಿದರೆ ವಾದ ಮಾಡ್ತಾನೆ ಅಂದಿರಲ್ಲ, ಹಾಗಾದರೆ ಅವನು ಅರ್ಥಧಾರಿ, ಕೂತು ಮಾತಿನಲ್ಲೇ ಪಾತ್ರ ಮಾಡುವವನು. ಹಗಲು ಉಡುಪಿ ಕೋರ್ಟಿನಲ್ಲಿ ವಕೀಲ, ರಾತ್ರಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನ. ಆಟದ ಸೀಸನ್ ಮುಗಿಯುವ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರಾ ತಾಳಮದ್ದಳೆಯದ್ದೇ ಕಾಲ ಅಲ್ವಾ? ಆಗ ಅವನಿಗೆ ಪುರುಸೊತ್ತೇ ಇಲ್ಲ. ಹಗಲಿನದ್ದು ರಾತ್ರಿಗೆ, ರಾತ್ರಿಯದ್ದು ಹಗಲಿಗೆ ಮಿಕ್ಸ್ ಆಗ್ತದೆ.

2036ರ ಜುಲೈ. ಕೇಸ್ ಎಂತ ಅಂದರೆ ಈಚೆ ಮನೆಯ ತೆಂಗಿನ ಮರ ಆಚೆ ಮನೆಯ ಕಂಪೌಂಡಿಗೆ ಬಗ್ಗಿದೆ. ಬಿದ್ದ ಕಾಯಿ ಯಾರದ್ದು? ನಮ್ಮ ಹುಡುಗ ಕೋಟಿನ ಕೈ ಮಡಚಿ ಎದ್ದು ನಿಂತು 'ಬಲ್ಲಿರೇನಯ್ಯಾ!' ಅಂತಾನೆ. ಜಡ್ಜ್‌ರು ಬೆಚ್ಚಿ ಬೀಳ್ತಾರೆ. ಕೃಷ್ಣ ಸಂಧಾನ ಶುರು. ಐದು ಗ್ರಾಮ ಕೇಳುವ ಜಾಗದಲ್ಲಿ ಐದು ತೆಂಗಿನಕಾಯಿ ಕೇಳ್ತಾನೆ. ಎದುರು ಪಾರ್ಟಿ ವಕೀಲರು ಹಿರಿಯರು, ಅವರೂ ಆಟ ನೋಡಿಯೇ ಬೆಳೆದವರು. ಅವರಿಗೆ ತಡೆಯಲಿಕ್ಕೆ ಆಗುವುದಿಲ್ಲ, ಕೌರವನ ಅರ್ಥ ಹೇಳಲಿಕ್ಕೆ ಸುರು ಮಾಡ್ತಾರೆ. ಬೆಂಚ್ ಕ್ಲರ್ಕ್ ಮೇಜಿನ ಮೇಲೆ ಬೆರಳಲ್ಲೇ ತಾಳ ಹಾಕ್ತಾರೆ. ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಯಾರೂ ಏಳುವುದಿಲ್ಲ. ಕೊನೆಗೆ ಎರಡೂ ಮನೆಯವರು ಕಣ್ಣು ಒರೆಸಿಕೊಂಡು 'ಕಾಯಿ ಅರ್ಧ ಅರ್ಧ ಹಂಚಿಕೊಳ್ತೇವೆ ಸ್ವಾಮೀ' ಅಂತ ಕೈ ಮುಗೀತಾರೆ. ಇದನ್ನು ನೀವು ಸುಮ್ನೆ ಓದಬೇಡಿ. ಅವನ ಕೈಯಲ್ಲೇ ಹೇಳಿಸಿ. ಹುಡುಗ ಆ ದಿನ ತೂಕಡಿಸಲಿಕ್ಕಿಲ್ಲ.

ಹಂಪನಕಟ್ಟೆ:
ಓಡುವ ಹುಡುಗನಿಗೆ ಕಂಬಳ, ಮತ್ತೆಂತ? 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣ ಓಡಿಸುವ 142.5 ಮೀಟರ್ ಕೆಸರಿನ ಕೆರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪುಂಟಲ್ಲ? ಜನ ಉಸೇನ್ ಬೋಲ್ಟ್ ಜೊತೆ ಹೋಲಿಸಿದರು. ದೆಹಲಿಯಿಂದ ಟ್ರಯಲ್ಸ್‌ಗೆ ಕರೆ ಬಂತು. ಟ್ರ್ಯಾಕ್ ಬೇರೆ, ಕೆಸರು ಬೇರೆ ಅಂತ ಅವರು ಹೋಗಲಿಲ್ಲ. ನಿಮ್ಮ ಹುಡುಗ 2036ರಲ್ಲಿ ಅದೇ ಕೆರೆಯಲ್ಲಿ ಹೊಸ ದಾಖಲೆ ಮಾಡ್ತಾನೆ. ಟಿವಿಯವರು ಮೈಕ್ ಹಿಡಿದು ಗುಟ್ಟೇನು ಅಂತ ಕೇಳ್ತಾರೆ. 'ಎಂಟೂ ಮುಕ್ಕಾಲಿನ ಬಸ್ಸು' ಅಂತಾನೆ. ಆ ಬಸ್ಸಿನ ಡ್ರೈವರಿಗೆ ಗುರುಗಳ ಸ್ಥಾನದಲ್ಲಿ ಶಾಲು ಹೊದೆಸಿ ಸನ್ಮಾನ.

ಹೋಮ್‌ವರ್ಕಿನವನಿಗೆ ನಮ್ಮ ಮಂಗಳೂರಿನ ಪಂಪ್‌ವೆಲ್ ಇದ್ದೇ ಉಂಟು. ಹತ್ತಿರ ಹತ್ತು ವರ್ಷ ಕಾಯಿಸಿ 2020ರ ಜನವರಿ 31ಕ್ಕೆ ಓಪನ್ ಆಯಿತಲ್ಲ, ಆ ಫ್ಲೈಓವರ್. ಅವನು 2036ರಲ್ಲಿ ಫ್ಲೈಓವರ್ ಇಂಜಿನಿಯರ್. 'ನಾಳೆ ಮುಗಿಸ್ತೇನೆ' ಅಂತ ದಿನಾ ಪತ್ರಿಕಾಗೋಷ್ಠಿ.

ಇನ್ನೊಂದು ಮಾತು. 2025ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ನಾವು ದಕ್ಷಿಣ ಕನ್ನಡದವರು ಮೊದಲು, ನೀವು ಉಡುಪಿಯವರು ಎರಡನೆಯವರು. ಭವಿಷ್ಯದಲ್ಲಿ ಅದನ್ನೂ ಸೇರಿಸಿ.

ಕುಂದಾಪ್ರ ಬದಿ:
ಹ್ವಾಯ್ ಹಂಪನಕಟ್ಟೆ, 2024ರಲ್ಲಿ ಯಾರು ಮೊದಲು ಅಂತಲೂ ಹೇಳಿ ಮಾರಾಯ್ರೆ. ಉಡುಪಿ! ಪಿಯುಸಿಯಲ್ಲಿ 2025ಕ್ಕೂ ನಾವೇ. ಈ ಜಗಳ 2036ಕ್ಕೂ ಮುಗಿಯಲಿಕ್ಕಿಲ್ಲ. ಅದೊಂದು ಭವಿಷ್ಯ ಗ್ಯಾರಂಟಿ.

ಸ್ವರ ಜೋರಿದ್ದ ಹುಡುಗಿಗೆ ನನ್ನದೊಂದು. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳ ಓನರ್ ಅವಳು. ಒಂದು ದಿನ ಕಂಡಕ್ಟರ್ ರಜೆ. ಅವಳೇ ಬಾಗಿಲಲ್ಲಿ ನಿಂತು 'ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್' ಅಂತ ಒಂದೇ ಉಸಿರಲ್ಲಿ ಕೂಗ್ತಾಳೆ. ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಕೂಗಿದ್ದು ಕಾಪು ಲೈಟ್‌ಹೌಸ್ ಹತ್ತಿರ ನಿಂತವರಿಗೂ ಕೇಳಿ ಅವರು ರಸ್ತೆಗೆ ಬಂದು ರೆಡಿ. ಹಾರ್ನ್ ಬೇಕಾಗಿಲ್ಲ, ವಿಸಿಲ್ ಬೇಕಾಗಿಲ್ಲ. ಅವಳೊಂದು 'ರೈಟ್ ಪೋಯಿ' ಅಂದರೆ ಹಿಂದೆ ನಿಂತ ಬೇರೆ ಕಂಪನಿಯ ಬಸ್ಸುಗಳೂ ಹೊರಡ್ತವೆ.

ಸುರತ್ಕಲ್ ಅಕ್ಕ:
ಬಸ್ಸಿನದ್ದು ಚಂದ ಉಂಟು. ಅವಳ ಸ್ವರವನ್ನೇ ಅವಳ ತಾಕತ್ತು ಮಾಡಿದ್ದೀರಿ. ಆದರೆ ಹಂಪನಕಟ್ಟೆಯವರೇ, ಹೋಮ್‌ವರ್ಕ್ ಹುಡುಗನದ್ದು ನನಗೆ ಹಿಡಿಸಲಿಲ್ಲ. ಅದರಲ್ಲಿ ಅವನು ಹತ್ತು ವರ್ಷ ಆದರೂ ಅದೇ ಸೋಮಾರಿ. ಅದನ್ನು ಕೇಳಿ ಅವನ ಅಮ್ಮ ನಗ್ತಾರಾ? ಸೆಂಡಾಫ್‌ಗೆ ಅಪ್ಪ ಅಮ್ಮಂದಿರೂ ಬಂದಿರ್ತಾರೆ.

ನಮ್ಮ ಕಾಲದಲ್ಲಿ ಫಿಶ್‌ಪಾಂಡ್ ಅಂತ ಮಾಡ್ತಿದ್ದರು. ಡಬ್ಬದಲ್ಲಿ ಚೀಟಿ ಹಾಕುವುದು, ಹೆಸರು ಕರೆದು ಒಬ್ಬೊಬ್ಬರಿಗೆ ಒಂದು ಸಾಲು ಓದುವುದು. ಬರೆದವರು ಯಾರು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ದಪ್ಪ, ಕಪ್ಪು, ಉಬ್ಬುಹಲ್ಲು, ಫೇಲು ಎಲ್ಲ ಅದರಲ್ಲಿ ಬರ್ತಿತ್ತು. ನನ್ನ ಗೆಳತಿಗೆ ಅವಳ ಬಣ್ಣದ ಮೇಲೆ ಒಂದು ಸಾಲು ಬಂತು. ಅವಳು ಗ್ರೂಪ್ ಫೋಟೋಗೆ ನಿಲ್ಲಲೇ ಇಲ್ಲ. ಈಗಲೂ ಆ ಫೋಟೋ ನೋಡಿದರೆ ನನಗೆ ಸಂಕಟ ಆಗ್ತದೆ.

ಟೀಚರೇ, ನನ್ನ ಅಭಿಪ್ರಾಯ ಇಷ್ಟೇ. ಮೈ, ಮಾರ್ಕು, ಜಾತಿ, ದುಡ್ಡು, ಯಾರಿಗೆ ಯಾರು ಜೋಡಿ, ಇದ್ಯಾವುದೂ ಬೇಡ. ಮಗು ಕ್ಲಾಸಿನಲ್ಲಿ ನಿಜವಾಗಿ ಮಾಡುವ ಒಂದು ಕೆಲಸ ಹಿಡಿಯಿರಿ. ಅದನ್ನು ಆಕಾಶದಷ್ಟು ದೊಡ್ಡದು ಮಾಡಿ. ಹೋಮ್‌ವರ್ಕ್ ಹುಡುಗ ಇಂಜಿನಿಯರೇ ಆಗಲಿ. ಆದರೆ ತಡ ಮಾಡುವ ನೆಪ ಎಷ್ಟುಂಟೋ ಅಷ್ಟೂ ಅವನಿಗೆ ಹತ್ತನೇ ಕ್ಲಾಸಿನಲ್ಲೇ ಗೊತ್ತು. ಹಾಗಾಗಿ ಯಾವ ಗುತ್ತಿಗೆದಾರನೂ ಅವನಿಗೆ ಟೋಪಿ ಹಾಕಲಿಕ್ಕೆ ಆಗುವುದಿಲ್ಲ. 'ಅಜ್ಜಿಗೆ ಹುಷಾರಿಲ್ಲ' ಅಂದರೆ 'ಅದು ನಾನು ಎಂಟನೇ ಕ್ಲಾಸಿನಲ್ಲಿ ಹೇಳಿದ್ದು' ಅಂತಾನೆ. ಸೇತುವೆ ಒಂದು ದಿನ ಮುಂಚೆಯೇ ರೆಡಿ. ಉದ್ಘಾಟನೆಗೆ ಮಂತ್ರಿಗಳೇ ತಡ.

ಹಂಪನಕಟ್ಟೆ:
ಅಕ್ಕಾ, ಒಪ್ಪಿದೆ. ನಿಮ್ಮದೇ ಇಡಿ, ಅದಕ್ಕೇ ಜಾಸ್ತಿ ನಗು ಬಂತು.

ಮಲ್ಪೆ ಬಂದರು:
ಮೀನಿನ ಹುಡುಗಿಗೆ ನಾನು ಬರೆಯದಿದ್ದರೆ ಯಾರು ಬರೀತಾರೆ! ಟೀಚರೇ, ಅವಳು ಮೀನು ನೋಡುವುದು ಹೇಗೆ ಅಂತ ಕಂಡಿದ್ದೀರಾ? ನಮ್ಮ ಕಡೆ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ನೋಡಿ ನೋಡಿ ಬರ್ತದೆ. ಬಂಗುಡೆಯ ಕಿವಿರು ಎತ್ತಿ ಕೆಂಪು ಉಂಟಾ ನೋಡುವುದು, ಕಣ್ಣು ಒಳಗೆ ಹೋಗಿದೆಯಾ ಉಬ್ಬಿದೆಯಾ ನೋಡುವುದು, ಹೊಟ್ಟೆಗೆ ಹೆಬ್ಬೆರಳು ಒತ್ತಿ ಬಿಡುವುದು. ಗುಂಡಿ ಬಿದ್ದು ಹಾಗೇ ಉಳಿದರೆ ಮೀನು ಹಳೆಯದು. ಇಷ್ಟು ಗೊತ್ತಿದ್ದವಳಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜೇ ಸರಿ. 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು, ನಮ್ಮಲ್ಲೇ ಇರುವುದು.

2036ರಲ್ಲಿ ಅವಳು ದೊಡ್ಡ ಸಂಶೋಧಕಿ. ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವಿದೇಶಿ ವಿಜ್ಞಾನಿಗಳು ಸ್ಕ್ರೀನಿನಲ್ಲಿ ಮೀನಿನ ಫೋಟೋ ತೋರಿಸಿ ಗ್ರಾಫ್ ವಿವರಿಸ್ತಾ ಇರ್ತಾರೆ. ಇವಳು ಹಿಂದಿನ ಸಾಲಿನಲ್ಲಿ ಎದ್ದು 'ಸರ್, ಈ ಮೀನು ಐಸಿನಲ್ಲಿ ಇಟ್ಟು ನಾಲ್ಕು ದಿನ ಆಗಿದೆ' ಅಂತಾಳೆ. ಹಾಲ್ ನಿಶ್ಶಬ್ದ. ಚೆಕ್ ಮಾಡಿದರೆ ಸರಿಯಾಗಿ ನಾಲ್ಕೇ ದಿನ! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಅಲ್ವಾ, ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ ಅಂತ. ಆಗ ಬಂದರಿನಲ್ಲಿ ಎಲ್ಲರೂ ಬಲೆ ಹೊಲಿದುಕೊಂಡು ಕೂತರೆ ಇವಳೊಬ್ಬಳಿಗೆ ಮಾತ್ರ ಡಬಲ್ ಡ್ಯೂಟಿ. ಮರಿಗಳ ಹಾಜರಿ ಕರೆಯುವವರು ಯಾರು ಮತ್ತೆ? ಇಷ್ಟೆಲ್ಲ ಆಗಿ ಮನೆಗೆ ಬಂದರೆ ಅಮ್ಮನದ್ದು ಒಂದೇ ಪ್ರಶ್ನೆ: 'ಇಷ್ಟು ಓದಿದ್ದಿ, ಅಂಜಲ್ ಮೀನಿನ ರೇಟ್ ಸ್ವಲ್ಪ ಇಳಿಸಲಿಕ್ಕೆ ಆಗ್ತದಾ?'

ಕನ್ನಡ ಟೀಚರ್:
ಮಲ್ಪೆಯವರೇ, ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ನಮ್ಮ ಗಣಿತದ ಸರ್ ನಕ್ಕು ನಕ್ಕು ಚಾ ಚೆಲ್ಲಿದರು. ಹೆಬ್ಬೆರಳಿನದ್ದು ನಿಜ. ಬಿಸಿಯೂಟದ ಟೊಮೆಟೊವನ್ನೂ ಅವಳು ಹಾಗೇ ಒತ್ತಿ ನೋಡ್ತಾಳೆ.

ಗೂಡಂಗಡಿ ಹುಡುಗ ಮತ್ತು ಕಿಟಕಿ ಹುಡುಗಿ, ಇಬ್ಬರು ಬಾಕಿ. ನನಗೆ ಅವರದ್ದೇ ಚಿಂತೆ.

ಮಾಟುಂಗಾ ಮೀಲ್ಸ್:
ನಾನು ಹತ್ತನೇ ಮುಗಿಸಿ ಮುಂಬೈಗೆ ಬಂದವನು. ಆಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿ ಓಡಲಿಕ್ಕೆ ಶುರುವಾದದ್ದು 1998ರಲ್ಲಿ. ಬಸ್ಸಿನಲ್ಲಿ ಕೂತು ಬೆನ್ನು ಹಿಡಿದುಕೊಂಡು ಬಂದು ಇಳಿದೆವು. ಇಲ್ಲಿ ಮಾಟುಂಗಾ ಸ್ಟೇಷನ್ ಎದುರು ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಊಟದ ಬೋರ್ಡಿಂಗ್ ಇವತ್ತಿಗೂ ನಡೀತಾ ಉಂಟು. ಊರು ಬಿಟ್ಟವರು ಕಟ್ಟಿದ್ದು ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೀಚರೇ, ನಾವು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಬಸ್ ಇಳಿದು ಮೊದಲು ಹೋಗುವುದು ಎಲ್ಲಿಗೆ ಗೊತ್ತುಂಟಾ? ಶಾಲೆ ಎದುರಿನ ಅಂಗಡಿಗೆ. ಯಾರ ಅಪ್ಪ ಹೋದರು, ಯಾರ ಮಗಳಿಗೆ ಮದುವೆ, ಯಾರ ಜಾಗ ಮಾರಿ ಹೋಯಿತು, ಎಲ್ಲ ಗೊತ್ತಾಗುವುದು ಅಲ್ಲಿಯೇ. ಅಲ್ಲಿ ಕೂತವನು ಎದ್ದು ಹೋದರೆ ನಮಗೆ ಊರೇ ಇಲ್ಲ. ಹಾಗಾಗಿ ಇಡೀ ಭವಿಷ್ಯದ ಹೀರೋ ಅವನೇ ಆಗಬೇಕು. ಅವನಲ್ಲಿ ವಿಶೇಷ ಎಂತ ಉಂಟು, ಸ್ವಲ್ಪ ಹೇಳಿ.

ಕನ್ನಡ ಟೀಚರ್:
ಲೆಕ್ಕ. ಸಂಜೆ ಅಂಗಡಿಯಲ್ಲಿ ಅವನೇ ಇರ್ತಾನೆ. ಯಾರು ಚರ್ಮುರಿ ಸಾಲ ಇಟ್ಟಿದ್ದಾರೆ, ಯಾರಿಗೆ ಚಿಲ್ಲರೆ ಕೊಡಬೇಕು, ಪುಸ್ತಕ ಇಲ್ಲದೆ ಹೇಳ್ತಾನೆ. ಗಣಿತದಲ್ಲಿ ಮಾತ್ರ ಪಾಸ್ ಮಾರ್ಕಿಗೆ ಒದ್ದಾಟ.

ಮಾಟುಂಗಾ ಮೀಲ್ಸ್:
ಸಿಕ್ಕಿತು! 2036. ದುಬೈಯವರು, ಬೆಂಗಳೂರಿನವರು ಕಾರಿನಲ್ಲಿ ಬಂದು ಇಳೀತಾರೆ. ಕೂಲಿಂಗ್ ಗ್ಲಾಸ್, ಸೆಂಟು. ಇವನು ಗಲ್ಲಾದಲ್ಲಿ ಕೂತಲ್ಲಿಂದಲೇ 'ಬನ್ನಿ ಬನ್ನಿ' ಅಂತ ಗೋಲಿ ಸೋಡ ಒಡೆದು ಕೊಡ್ತಾನೆ. ಕುಡಿದು ಮುಗಿಯುವಾಗ ಶುರು. 'ನಿಂದು 2026ರದ್ದು ಎರಡು ಚರ್ಮುರಿ, ಒಂದು ಸೋಡ. ಹತ್ತು ವರ್ಷದ ಬಡ್ಡಿ ಸೇರಿ ಇಷ್ಟು. ದುಬೈಯವರಿಗೆ ದಿರ್ಹಾಮ್ ಲೆಕ್ಕ.' ಬೆಂಗಳೂರಿನವನು ಲ್ಯಾಪ್‌ಟಾಪ್ ತೆಗೆದು ಕೂಡಿಸಿ ನೋಡಿದರೆ ಪೈಸೆ ತಪ್ಪಿಲ್ಲ. ವಸೂಲಾದ ದುಡ್ಡಿನಲ್ಲಿ ಇವನು ಶಾಲೆಗೆ ಹೊಸ ಮಾಡು (ಛಾವಣಿ) ಹಾಕಿಸ್ತಾನೆ. ಅಂಗಡಿಗೆ ಬೋರ್ಡು: 'ನಮ್ಮಲ್ಲಿ ಬೇರೆ ಶಾಖೆಗಳಿಲ್ಲ.'

ಹಂಪನಕಟ್ಟೆ:
ಮಾಡು ಹಾಕಿಸುವುದು ಬರೀ ತಮಾಷೆ ಅಲ್ಲ ನೋಡಿ. ನಮ್ಮ ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ಕಟ್ಟಿದ ಹರೇಕಳ ಹಾಜಬ್ಬರು ಇದ್ದಾರಲ್ಲ. ಅವರು ಸ್ವತಃ ಶಾಲೆಗೆ ಹೋದವರಲ್ಲ. 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತು. ಬುಟ್ಟಿ ಹೊತ್ತವರಿಗೆ ಅದು ಆದರೆ ಗಲ್ಲಾದಲ್ಲಿ ಕೂತವನಿಗೆ ಯಾಕೆ ಆಗಬಾರದು?

ಆದರೂ ಒಂದು ಮಾತು ಹೇಳಲೇಬೇಕು. ಊರು ಬಿಡುವವರನ್ನು ಕೂಲಿಂಗ್ ಗ್ಲಾಸಿನ ಗಿರಾಕಿ ಮಾಡಿ ಸುಮ್ನೆ ಬಿಡಬೇಡಿ. ಗಲ್ಫಿಗೆ ಹೋದ ನನ್ನ ಅಣ್ಣನ ದುಡ್ಡಿನಲ್ಲೇ ನಾನು ಓದಿದ್ದು. ಕೆಲಸ ಇಲ್ಲಿ ಸಿಕ್ಕಿದ್ದರೆ ಅವನು ಹೋಗ್ತಿರಲಿಲ್ಲ. ದುಬೈ ಹುಡುಗನಿಗೂ ಒಂದು ಒಳ್ಳೆಯ ಕೆಲಸ ಕೊಡಿ ಭವಿಷ್ಯದಲ್ಲಿ.

ಮಾಟುಂಗಾ ಮೀಲ್ಸ್:
ನೂರಕ್ಕೆ ನೂರು ಸರಿ. ಹಾಗಾದರೆ ದುಬೈಯವನು ಅಲ್ಲಿಂದ ತರುವುದು ಸೆಂಟಲ್ಲ. ಇಡೀ ಕ್ಲಾಸಿನವರ ಸಾಲ ಅವನೇ ತೀರಿಸ್ತಾನೆ, ಮತ್ತೆ ಇನ್ನೊಂದು ಸೋಡ ಸಾಲ ಇಟ್ಟು ಹೋಗ್ತಾನೆ. ಸಾಲ ಇದ್ದರೆ ತಾನೇ ವಾಪಸ್ ಬರಲಿಕ್ಕೆ ಒಂದು ನೆಪ!

ಪಿಗ್ಮಿ ಪುಸ್ತಕ:
ಬ್ಯಾಂಕಿನಿಂದ ರಿಟೈರ್ ಆದವನು ನಾನು. ಅಂಗಡಿ ಹುಡುಗನಿಗೆ ಒಂದು ಸೇರಿಸಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತಗೊಂಡು ಹೋಗುವುದು. ಅಂಗಡಿಯವರು, ನೇಕಾರರು, ಮೀನು ಮಾರುವವರು ಹಾಗೇ ಕೂಡಿಟ್ಟರು. 2020ರಲ್ಲಿ ಆ ಬ್ಯಾಂಕ್ ಕೆನರಾದಲ್ಲಿ ಸೇರಿಹೋಯಿತು, ನನಗೆ ಇವತ್ತಿಗೂ ಬೇಸರ. 2036ರಲ್ಲಿ ಈ ಹುಡುಗ 'ಚರ್ಮುರಿ ಪಿಗ್ಮಿ' ಅಂತ ಒಂದು ಶುರು ಮಾಡಲಿ. ದಿನಾ ಐದು ರೂಪಾಯಿ ಕಟ್ಟಿದ ಮಗುವಿಗೆ ಪರೀಕ್ಷೆ ಮುಗಿದ ದಿನ ಬಡ್ಡಿ ಸಮೇತ ಗಡ್‌ಬಡ್ ಐಸ್‌ಕ್ರೀಂ.

ಕನ್ನಡ ಟೀಚರ್:
ಇವತ್ತು ಸುರತ್ಕಲ್ ಅಕ್ಕನ ಮಾತು ಇಟ್ಟುಕೊಂಡು ಬೆಲ್ ಹೊಡೆಯುವ ಮುಂಚೆ ಕ್ಲಾಸಿಗೆ ಹೋಗಿ ಬಾಗಿಲಲ್ಲಿ ನಿಂತೆ. ಕಿಟಕಿ ಹುಡುಗಿ ಬಂದಳು. ಬ್ಯಾಗ್ ಇಟ್ಟು ಸೀದಾ ಬೋರ್ಡಿನ ಹತ್ತಿರ ಹೋದಳು. ಮೂಲೆಯಲ್ಲಿದ್ದ ನಿನ್ನೆಯ ತಾರೀಕು ಬೆರಳಲ್ಲಿ ಒರೆಸಿ ಇವತ್ತಿನದ್ದು ಬರೆದಳು. ಚಾಕ್‌ಪೀಸಿನ ತುಂಡು ಜಾಗದಲ್ಲಿಟ್ಟು ಹೋಗಿ ಕೂತಳು. ಅಷ್ಟೇ. ಲೀಡರ್ ಬರೆಯುವುದು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಲೀಡರನ್ನು ಕೇಳಿದರೆ 'ನಾನಲ್ಲ ಟೀಚರ್, ಯಾರು ಅಂತ ಗೊತ್ತಿಲ್ಲ' ಅಂದ.

ಸುರತ್ಕಲ್ ಅಕ್ಕ:
ಅಯ್ಯೋ ಟೀಚರೇ, ಅವಳೇ ಜಿಲ್ಲಾಧಿಕಾರಿ! ನಮ್ಮ ಮಕ್ಕಳಿಗೆ ಡಿಸಿ ಅಂದರೆ ಗೊತ್ತಿರುವುದು ಒಂದೇ ಕೆಲಸ, ಮಳೆ ರಜೆ. ಜುಲೈಯಲ್ಲಿ ರೆಡ್ ಅಲರ್ಟ್ ಅಂತ ಬಂದರೆ ಸಾಕು, ರಾತ್ರಿ ಊಟ ಬಿಟ್ಟು ಎಲ್ಲರೂ ಮೊಬೈಲ್ ಹಿಡ್ಕೊಂಡು ಕೂರ್ತಾರೆ. 2036ರ ಅಂಥದ್ದೊಂದು ರಾತ್ರಿ. ಎರಡು ಜಿಲ್ಲೆಯಲ್ಲಿ ಯಾರೂ ನಿದ್ದೆ ಮಾಡಿಲ್ಲ. ಟಿವಿಯವರು ಕಾದು ಕಾದು ಸುಸ್ತು. ಅವಳಿಂದ ಬರುವುದು ಒಂದೇ ಸಾಲು, ತಾರೀಕು ಹಾಕಿ: 'ನಾಳೆ ರಜೆ.' ಮನೆ ಮನೆಯಲ್ಲೂ ಕೇಕೆ. ಹತ್ತು ವರ್ಷ ಮಾತಾಡದೆ ಕೂಡಿಟ್ಟದ್ದು ಈ ಎರಡು ಶಬ್ದಕ್ಕೇ! ತಾರೀಕಂತೂ ಅವಳದ್ದು ತಪ್ಪುವುದೇ ಇಲ್ಲ.

ಇದನ್ನು ಓದುವಾಗ ಬೋರ್ಡಿನ ತಾರೀಕು ಬರೆಯುವುದು ಅವಳೇ ಅಂತ ಹೇಳಿಬಿಡಿ. ಕ್ಲಾಸಿಗೆ ಗೊತ್ತಾಗಲಿ.

ಕುಂದಾಪ್ರ ಬದಿ:
ಹೇಳಿ ಹೇಳಿ. ಆದರೆ ಅವಳಲ್ಲಿ ಮೊದಲು ಒಂದು ಮಾತು ಕೇಳಿ. ಕೆಲವು ಮಕ್ಕಳಿಗೆ ಎಲ್ಲರೂ ತಿರುಗಿ ನೋಡುವುದು ಬೇಡವಾಗಿರ್ತದೆ.

ಕನ್ನಡ ಟೀಚರ್:
ಖಂಡಿತ ಕೇಳ್ತೇನೆ. ಎಲ್ಲರಿಗೂ ಅವರವರದ್ದು ಮೊದಲೇ ತೋರಿಸ್ತೇನೆ. ಬೇಡ ಅಂದವರಿಗೆ ಬೇರೆ ಬರೆಯುವ.

ಅದಮಾರು ರಸ್ತೆ:
ರಾಕೆಟ್ ಹುಡುಗನನ್ನು ಎಲ್ಲರೂ ಮರೆತಿರಾ? ಯು. ಆರ್. ರಾವ್ ಹುಟ್ಟಿದ್ದು ನಮ್ಮ ಅದಮಾರಿನಲ್ಲಿ, 1932ರಲ್ಲಿ. ಅವರು ಮುಂದೆ ನಿಂತು ಮಾಡಿಸಿದ ಆರ್ಯಭಟ ಉಪಗ್ರಹ 1975ರಲ್ಲಿ ಮೇಲೆ ಹೋಯಿತು. ಆಮೇಲೆ ಇಸ್ರೋ ಅಧ್ಯಕ್ಷರೂ ಆದರು. 1940ರ ಹೊತ್ತಿಗೆ ಅವರ ಕ್ಲಾಸಿನಲ್ಲಿ 'ಈ ಹುಡುಗ ಭೂಮಿಗೆ ಸುತ್ತು ಹಾಕುವ ಒಂದು ಪೆಟ್ಟಿಗೆ ಮಾಡ್ತಾನೆ' ಅಂತ ಯಾರಾದರೂ ಬರೆದಿದ್ದರೆ, ಕ್ಲಾಸಿನವರು ಬಿದ್ದು ಬಿದ್ದು ನಗ್ತಿದ್ದರು. ಹಾಗಾಗಿ ದೊಡ್ಡದೇ ಬರೆಯಿರಿ. 2036ರಲ್ಲಿ ಇವನ ರಾಕೆಟ್ ಚಂದ್ರನಿಗೆ ಒಂದು ಸುತ್ತು ಹಾಕಿ ವಾಪಸ್ ಬಂದು, ರಿಟೈರ್ ಆದ ಹೆಡ್‌ಮಾಸ್ಟ್ರ ಮನೆ ಅಂಗಳದಲ್ಲಿ ಅಡಿಕೆ ಒಣಗಿಸಲು ಹಾಕಿದ ಜಾಗದ ಪಕ್ಕದಲ್ಲೇ ಇಳಿಯಲಿ. ಒಂದು ಅಡಿಕೆಯೂ ಅಲುಗಿಲ್ಲ. ಮಾಸ್ಟ್ರು ಹೊರಗೆ ಬಂದು 'ಯಾರದು ಬಿಸಾಡಿದ್ದು?' ಅಂತ ಕೇಳಿದರೆ, ಶ್ರೀಹರಿಕೋಟಾದ ಕಂಟ್ರೋಲ್ ರೂಮಿನಲ್ಲಿ ಅವನು ಎದ್ದು ಕೈ ಕಟ್ಟಿ ನಿಲ್ತಾನೆ.

ಕನ್ನಡ ಟೀಚರ್:
ಹೆಡ್‌ಮಾಸ್ಟ್ರಿಗೆ ಓದಿ ಹೇಳಿದೆ. ಅವರಿಗೆ ತುಂಬಾ ಖುಷಿ. ಅಂಗಳ ಗುಡಿಸಿ ಇಡ್ತಾರಂತೆ.

ಎಲ್ಲವನ್ನೂ ಒಂದು ಕಥೆ ಮಾಡಲು ಒಂದು ದಿನ ಬೇಕಿತ್ತು. ಮಕ್ಕಳೇ ಆರಿಸಿದರು: 2036ರ ಜನವರಿ 18, ಪರ್ಯಾಯ, ಅಂದರೆ ಉಡುಪಿ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ದಿನ. ಎರಡೆರಡು ವರ್ಷದ ಪದ್ಧತಿ ವಾದಿರಾಜರ ಕಾಲದಿಂದ, 1522ರಿಂದ ತಪ್ಪದೆ ಬಂದದ್ದು. ಹಾಗಾಗಿ ಆ ತಾರೀಕಿಗೆ ಸಂಶಯ ಇಲ್ಲ. ಎಂಟು ಮಠಗಳ ಸರದಿ ಲೆಕ್ಕ ಹಿಡಿದರೆ 2020ರಲ್ಲಿ ಅದಮಾರು ಮಠ, ಹದಿನಾರು ವರ್ಷಕ್ಕೆ 2036ರಲ್ಲಿ ಮತ್ತೆ ಅದಮಾರು. ನಸುಕಿಗೆ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವ ಮುಂಚೆ ಎಲ್ಲರೂ ಗೂಡಂಗಡಿಯಲ್ಲಿ ಸೇರುವುದು. ಬಸ್ಸಿನ ಓನರ್ ಸ್ಪೆಷಲ್ ಬಸ್ ಬಿಡ್ತಾಳೆ. ವಕೀಲ ಬಸ್ಸಿನಲ್ಲೇ ಅರ್ಥ ಹೇಳ್ತಾನೆ. ಕಂಬಳದವನು ಆ ಬಸ್ಸೂ ತಪ್ಪಿಸಿಕೊಂಡು ಬಸ್ಸಿಗಿಂತ ಮುಂಚೆ ತಲುಪ್ತಾನೆ. ಡಿಸಿಗೆ ಬಂದೋಬಸ್ತಿನ ಕೆಲಸ ಇದ್ದರೂ ಒಂದು ಸೋಡ ಕುಡಿದು ಹೋಗ್ತಾಳೆ.

ಅಂಗಡಿ ಹುಡುಗನಿಗೆ ನಿನ್ನೆ ಅವನದ್ದು ತೋರಿಸಿದೆ. ಒಮ್ಮೆ ಓದಿದ, ಇನ್ನೊಮ್ಮೆ ಓದಿದ. 'ಟೀಚರ್, ಬಡ್ಡಿ ಲೆಕ್ಕ ಎಷ್ಟು ಪರ್ಸೆಂಟಿಗೆ ಹಾಕಿದ್ದು?' ಅಂತ ಕೇಳಿದ. ಚಕ್ರಬಡ್ಡಿ ಆಗಬೇಕಂತೆ.

ಕೆಸರು ಗದ್ದೆ:
ತಡವಾಗಿ ಬಂದೆ. ಕಂಬಳದ್ದು ಒಂದು ತಿದ್ದುಪಡಿ. 'ಹೊಸ ದಾಖಲೆ' ಅಂತ ಮಾತ್ರ ಬರೆದರೆ ನಮ್ಮವರು ಕೇಳುವುದಿಲ್ಲ. ಕೆರೆಯಿಂದ ಕೆರೆಗೆ ಉದ್ದ ಬೇರೆ. ಯಾವ ವಿಭಾಗ ಅಂತ ಹಾಕಿ. ಹಗ್ಗ ಉಂಟು, ನೇಗಿಲು ಉಂಟು, ಅಡ್ಡ ಹಲಗೆ, ಕನೆ ಹಲಗೆ ಉಂಟು. ಓಟದ್ದಾದರೆ ಹ‍ಗ್ಗ ಹಿರಿಯ, ಅಂದರೆ ಹಗ್ಗ ವಿಭಾಗದ ದೊಡ್ಡ ಕೋಣಗಳ ಓಟ, ಅಂತ ಬರೆಯಿರಿ. ಕನೆ ಹಲಗೆಯಲ್ಲಿ ಕೆಸರು ನೀರು ಮೇಲೆ ಕಟ್ಟಿದ ನಿಶಾನೆಗೆ ಎಷ್ಟು ಎತ್ತರ ಚಿಮ್ಮಿತು ಅಂತ ನೋಡುವುದು. ಮತ್ತೆ ಕೋಣಗಳಿಗೂ ಒಂದು ಭವಿಷ್ಯ ಕೊಡಿ, ಅವು ಇಲ್ಲದೆ ಅವನು ಯಾರ ಹಿಂದೆ ಓಡ್ತಾನೆ?

ಕನ್ನಡ ಟೀಚರ್:
ಹಗ್ಗ ಹಿರಿಯ ಅಂತ ತಿದ್ದಿದೆ. ಕೋಣಗಳ ಹೆಸರು ಇವತ್ತು ಮಕ್ಕಳಲ್ಲೇ ಕೇಳ್ತೇನೆ.